ಪದವಿಗೆ ಮನೋವಿಜ್ಞಾನ ತೆಗೆದುಕೊಂಡರೆ ನಿಜವಾಗಿ ಏನನ್ನು ಓದಬೇಕಾಗುತ್ತದೆ?

ವರದಾತೀರ

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯವಳು. ಕಲಾ ವಿಭಾಗದಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದೇನೆ. ಇದುವರೆಗಿನ ಓದೆಲ್ಲ ಕನ್ನಡ ಮಾಧ್ಯಮದಲ್ಲಿ ಆಗಿದೆ. ಬಿ.ಎ.ಯಲ್ಲಿ ಮನೋವಿಜ್ಞಾನ ತೆಗೆದುಕೊಳ್ಳಬೇಕೆಂಬ ಆಸೆಯಿದೆ, ಆದರೆ ನಮ್ಮ ಊರಿನ ಸುತ್ತಮುತ್ತ ಅದನ್ನು ಓದಿದವರು ಯಾರೂ ಇಲ್ಲದ ಕಾರಣ ಇಲ್ಲಿ ಕೇಳುತ್ತಿದ್ದೇನೆ. ತರಗತಿಯಲ್ಲಿ ಏನನ್ನು ಕಲಿಸುತ್ತಾರೆ, ಗಣಿತ ಎಷ್ಟಿರುತ್ತದೆ, ಮೂರು ವರ್ಷ ಮುಗಿಸಿದ ಮೇಲೆ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡಬಹುದೇ ಎಂಬುದನ್ನು ಬಲ್ಲವರು ತಿಳಿಸಬೇಕು. ಅಪ್ಪ ಇತಿಹಾಸ, ಅರ್ಥಶಾಸ್ತ್ರ ಓದಿ ಬಿ.ಇಡಿ. ಮಾಡು ಎನ್ನುತ್ತಾರೆ. ಸೋದರಮಾವನ ಮಗನಂತೂ ಮುಖ ನೋಡಿದ ಕೂಡಲೇ ಮನಸ್ಸಿನಲ್ಲಿರುವುದನ್ನು ಹೇಳುವ ವಿದ್ಯೆಯನ್ನು ಅಲ್ಲಿ ಕಲಿಸುತ್ತಾರೆ ಎಂದು ನಂಬಿದ್ದಾನೆ.

ನೇರಮಾತು

ಅಂಥ ವಿದ್ಯೆಯನ್ನು ಯಾವ ಕಾಲೇಜೂ ಕಲಿಸುವುದಿಲ್ಲ. ಕಲಿಸುತ್ತೇವೆಂದು ಶುಲ್ಕ ಕೇಳುವವರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.

ಕುಕ್ಕರಹಳ್ಳಿ

ತಂಗಿ, ಸೇರಿದ ಮೊದಲ ತಿಂಗಳಲ್ಲೇ ನಿರಾಶರಾಗುವವರನ್ನು ಬಹಳ ನೋಡಿದ್ದೇನೆ, ಆದ್ದರಿಂದ ತರಗತಿಯ ವಿಚಾರವನ್ನೇ ಮೊದಲು ಹೇಳುತ್ತೇನೆ. ಕನಸು, ಸಂಮೋಹನ, ಫ್ರಾಯ್ಡ್ ಎಂದುಕೊಂಡು ಬಂದು ಕೂತವರಿಗೆ ಮೊದಲ ಸೆಮಿಸ್ಟರಿನಲ್ಲಿ ಸಿಗುವುದು ನರಕೋಶದ ಚಿತ್ರ, ಕಣ್ಣಿನ ರಚನೆ, ಸಂವೇದನೆ, ಗಮನ, ಗ್ರಹಿಕೆ, ಸ್ಮೃತಿ ಮತ್ತು ಕಲಿಕೆಯ ಅಧ್ಯಾಯಗಳು. 1879ರಲ್ಲಿ ವಿಲ್‌ಹೆಲ್ಮ್ ವುಂಟ್ ಲೈಪ್‌ಜಿಗ್ ನಗರದಲ್ಲಿ ಪ್ರಯೋಗಾಲಯ ತೆರೆದದ್ದರಿಂದ ಪಾಠ ಆರಂಭವಾಗುತ್ತದೆ. ಪಾವ್ಲೋವ್ ಅವರ ನಾಯಿ, ಸ್ಕಿನ್ನರ್ ಅವರ ಪೆಟ್ಟಿಗೆಯೊಳಗಿನ ಇಲಿ, ತಾನೇ ತಯಾರಿಸಿದ ಅರ್ಥಹೀನ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ ಮರೆವಿನ ವೇಗವನ್ನು ಅಳೆದು 1885ರಲ್ಲಿ ಪ್ರಕಟಿಸಿದ ಎಬ್ಬಿಂಗ್‌ಹೌಸ್, ಇವರೆಲ್ಲ ಒಬ್ಬರಾದ ಮೇಲೊಬ್ಬರು ಬರುತ್ತಾರೆ. ಅನಂತರ ಮಕ್ಕಳ ಬೆಳವಣಿಗೆ, ಸಾಮಾಜಿಕ ಮನೋವಿಜ್ಞಾನ, ಮಾನಸಿಕ ಕಾಯಿಲೆಗಳ ಬಗೆಗಿನ ಅಪಸಾಮಾನ್ಯ ಮನೋವಿಜ್ಞಾನ, ಕೈಗಾರಿಕಾ ಮನೋವಿಜ್ಞಾನ, ಸಂಶೋಧನಾ ವಿಧಾನ ಮುಂತಾದವು ಇರುತ್ತವೆ. ಅವುಗಳ ಅನುಕ್ರಮ ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬದಲಾಗುತ್ತದೆ. ಫ್ರಾಯ್ಡ್ ಅವರಿಗೆ ಮೂರು ವರ್ಷಗಳಲ್ಲಿ ದೊರೆಯುವ ಜಾಗ ಬಹಳವೆಂದರೆ ಒಂದೆರಡು ಘಟಕ.

ಒಟ್ಟಿನಲ್ಲಿ ಈ ವಿಷಯವು ಮನಸ್ಸನ್ನು ವ್ಯಾಖ್ಯಾನಿಸುವುದಕ್ಕಿಂತ ನಡವಳಿಕೆಯನ್ನು ಅಳೆಯುವುದಕ್ಕೆ ಹೆಚ್ಚು ಸಮಯ ಕೊಡುತ್ತದೆ ಎಂದು ತಿಳಿದುಕೊಂಡೇ ಬನ್ನಿ.

ಎರಡನೇ ಬೆಂಚು

ನಾನು ಸದ್ಯ ಇದನ್ನೇ ಓದುತ್ತಿದ್ದೇನೆ, ಹಾಗಾಗಿ ಯಾರೂ ಹೇಳದ ಕಷ್ಟವನ್ನು ಹೇಳಿಬಿಡುತ್ತೇನೆ: ರೆಕಾರ್ಡ್ ಪುಸ್ತಕ. ಪ್ರತಿ ಪ್ರಯೋಗಕ್ಕೂ ಉದ್ದೇಶ, ಸಾಮಗ್ರಿ, ಕಾರ್ಯವಿಧಾನ, ಸೂಚನೆ, ಮುನ್ನೆಚ್ಚರಿಕೆ, ಕೋಷ್ಟಕ, ನಕ್ಷೆ, ಚರ್ಚೆ, ನಿರ್ಣಯ ಎಂದು ಪುಟಗಟ್ಟಲೆ ಬರೆಯಬೇಕು, ಮತ್ತು ಅದರ ಮುಕ್ಕಾಲು ಪಾಲನ್ನು ಎಲ್ಲರೂ ಹಿಂದಿನ ಬ್ಯಾಚಿನವರ ರೆಕಾರ್ಡಿನಿಂದ ನಕಲು ಮಾಡುತ್ತಾರೆ. ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿರುವ ಮೆಮೊರಿ ಡ್ರಮ್ ತಿರುಗುವುದೇ ಇಲ್ಲ, ಪದಗಳನ್ನು ಕೈಯಿಂದ ಉರುಳಿಸಿ ತೋರಿಸುತ್ತೇವೆ. ಮೊಬೈಲಿನಲ್ಲಿ ಮಾಡಬಹುದಾದ ಪ್ರತಿಕ್ರಿಯಾ ಕಾಲದ ಪ್ರಯೋಗಕ್ಕೆ ಸ್ಟಾಪ್‌ವಾಚ್ ಹಿಡಿದು ಕೂರುವುದರಿಂದ ಯಾರಿಗೆ ಏನು ಸಿಗುತ್ತದೆಯೋ ನನಗಂತೂ ತಿಳಿಯದು.

ಸಂಖ್ಯಾಪ್ರಿಯ

ಎರಡನೇ ಬೆಂಚಿನವರೇ, ಉಪಕರಣ ಕೆಟ್ಟಿರುವುದಕ್ಕೆ ಪ್ರಯೋಗವನ್ನು ದೂರಬೇಡಿ. ಮ್ಯೂಲರ್-ಲಯರ್ ಭ್ರಮೆಯ ಪ್ರಯೋಗವನ್ನು ನೀವೂ ಮಾಡಿರಬೇಕು. ಒಂದು ಗೆರೆಯ ತುದಿಗಳಲ್ಲಿ ಬಾಣದ ಮೊನೆಗಳು ಒಳಮುಖವಾಗಿ, ಇನ್ನೊಂದರಲ್ಲಿ ಹೊರಮುಖವಾಗಿ ಇರುತ್ತವೆ. ಎರಡೂ ಸಮವೆಂದು ಕಾಣುವವರೆಗೆ ಪಟ್ಟಿಯನ್ನು ಜಾರಿಸಬೇಕು, ಆಮೇಲೆ ತಪ್ಪು ಎಷ್ಟು ಮಿಲಿಮೀಟರ್ ಎಂದು ಬರೆದುಕೊಳ್ಳಬೇಕು. ಗೆರೆಗಳು ಸಮವೆಂದು ಅಳೆದು ತಿಳಿದುಕೊಂಡ ಮೇಲೂ ಕಣ್ಣಿಗೆ ಅಸಮವಾಗಿಯೇ ಕಾಣುತ್ತವೆ. ತಿಳಿವಳಿಕೆ ಬಂದ ಮಾತ್ರಕ್ಕೆ ಗ್ರಹಿಕೆ ಬದಲಾಗುವುದಿಲ್ಲ ಎಂಬ ಮಾತನ್ನು ಉಪನ್ಯಾಸದಲ್ಲಿ ಕೇಳುವುದಕ್ಕೂ ನಿಮ್ಮದೇ ಕೈಯ ತಪ್ಪನ್ನು ಕೋಷ್ಟಕದಲ್ಲಿ ತುಂಬುವುದಕ್ಕೂ ವ್ಯತ್ಯಾಸವಿಲ್ಲವೇ? ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಅಂಚಿನ ಮೇಲೆ ಪೆನ್ಸಿಲ್ ಎಳೆಯುವ ಪ್ರಯೋಗವೂ ಅಂಥದ್ದೇ: ಬಲಗೈಗೆ ಅಭ್ಯಾಸ ಮಾಡಿಸಿದರೆ ಎಡಗೈಯ ತಪ್ಪುಗಳೂ ಕಡಿಮೆಯಾಗುತ್ತವೆ.

ಗಣಿತದ ಬಗ್ಗೆ: ಪಿಯುಸಿಯಲ್ಲಿ ಗಣಿತ ಓದದವರಿಗೂ ದಾಟಬಹುದಾದಷ್ಟೇ ಇದೆ. ಸರಾಸರಿ, ಮಧ್ಯಾಂಕ, ಪ್ರಮಾಣ ವಿಚಲನೆ, ಸಹಸಂಬಂಧ, ಎರಡು ಗುಂಪುಗಳ ಸರಾಸರಿಯನ್ನು ಹೋಲಿಸುವ ಟಿ-ಪರೀಕ್ಷೆ, ಕೆಲವು ಕಡೆ ಹೆಚ್ಚು ಗುಂಪುಗಳನ್ನು ಹೋಲಿಸುವ ಅನೋವಾ. ಲೆಕ್ಕಕ್ಕೆ ಬೇಕಾದದ್ದು ಕೂಡು, ಕಳೆ, ವರ್ಗ, ವರ್ಗಮೂಲ. ನಿಜವಾದ ಕಷ್ಟ ತರ್ಕದಲ್ಲಿದೆ. ಗದ್ದಲದಲ್ಲಿ ಓದಿದ 20 ಮಕ್ಕಳು ಸರಾಸರಿ 11 ಪದಗಳನ್ನೂ ನಿಶ್ಶಬ್ದದಲ್ಲಿ ಓದಿದ 20 ಮಕ್ಕಳು 13 ಪದಗಳನ್ನೂ ನೆನಪಿಟ್ಟುಕೊಂಡರು ಎಂದಿಟ್ಟುಕೊಳ್ಳಿ. ಆ ಎರಡು ಪದಗಳ ಅಂತರಕ್ಕೆ ಗದ್ದಲವೇ ಕಾರಣವೋ, ಯಾವ ಇಪ್ಪತ್ತು ಮಕ್ಕಳನ್ನು ಆರಿಸಿದರೂ ಆಕಸ್ಮಿಕವಾಗಿ ಬರಬಹುದಾದ ಅಂತರವೋ ಎಂದು ಕೇಳಿಕೊಳ್ಳುವ ಅಭ್ಯಾಸವೇ ಈ ಪದವಿಯ ತಿರುಳು ಎಂದು ನನ್ನ ಅಭಿಪ್ರಾಯ. ಸೂತ್ರವನ್ನು ಮಾತ್ರ ಬಾಯಿಪಾಠ ಮಾಡಿದವರು ಪರೀಕ್ಷೆಯಲ್ಲಿ ಪಾಸಾಗುತ್ತಾರೆ, ಮುಂದೆ ಎಂ.ಎ.ಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಅನುಮಾನಿ

ತಿರುಳಿನ ಮಾತು ಬಂದದ್ದರಿಂದ ಕೇಳುತ್ತೇನೆ. ಅಷ್ಟೆಲ್ಲ ಅಳೆದು ಪ್ರಕಟಿಸಿದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ ಸುಮಾರು ಶೇ. 36ರಷ್ಟರಲ್ಲಿ ಮಾತ್ರ ಸಾಂಖ್ಯಿಕವಾಗಿ ಗಣನೀಯ, ಅಂದರೆ ಆಕಸ್ಮಿಕವೆಂದು ಸುಲಭವಾಗಿ ತಳ್ಳಿಹಾಕಲಾಗದ ಫಲಿತಾಂಶ ಬಂದಿತೆಂದು 2015ರಲ್ಲಿ ಮನೋವಿಜ್ಞಾನಿಗಳೇ ಒಪ್ಪಿಕೊಂಡರಲ್ಲವೇ? ಹುಡುಗರನ್ನು ಕೈದಿಗಳು, ಕಾವಲುಗಾರರು ಎಂದು ವಿಂಗಡಿಸಿ ನಡೆಸಿದ 1971ರ ಸ್ಟ್ಯಾನ್‌ಫರ್ಡ್ ಜೈಲಿನ ಪ್ರಯೋಗವನ್ನು ಇಂದಿಗೂ ವೇದವಾಕ್ಯದಂತೆ ಪಾಠ ಮಾಡುತ್ತಾರೆ, ಕಾವಲುಗಾರರಾಗಿದ್ದ ಹುಡುಗರಿಗೆ ಹೇಗೆ ನಡೆದುಕೊಳ್ಳಬೇಕೆಂದು ಮೊದಲೇ ಸೂಚನೆ ಕೊಡಲಾಗಿತ್ತು ಎಂಬ ಟೀಕೆಯನ್ನು ಯಾರೂ ಹೇಳುವುದಿಲ್ಲ. ಇದನ್ನು ವಿಜ್ಞಾನ ಎನ್ನಲು ನನಗೆ ಸಂಕೋಚವಾಗುತ್ತದೆ.

ಸಂಖ್ಯಾಪ್ರಿಯ

ತನ್ನ ಹಳೆಯ ಫಲಿತಾಂಶಗಳನ್ನು ತಾನೇ ಮತ್ತೆ ಪರೀಕ್ಷಿಸಿ, ನಿಲ್ಲದವುಗಳನ್ನು ಹೆಸರಿಸಿ ಪ್ರಕಟಿಸಿದ್ದಕ್ಕೆ ವಿಜ್ಞಾನವಲ್ಲ ಎನ್ನುವುದು ನ್ಯಾಯವೇ ಸ್ವಾಮಿ? ಪಠ್ಯಪುಸ್ತಕಗಳು ಹಿಂದುಳಿದಿವೆ ಎಂಬ ನಿಮ್ಮ ದೂರನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ. ಮುದ್ರಣವಾಗಿ ವರ್ಷಗಳಾದ ಪುಸ್ತಕದಲ್ಲಿ ಇಂಥ ವಿಚಾರ ಸಿಗುವುದಿಲ್ಲ, ಉಪನ್ಯಾಸಕರು ತಾವಾಗಿ ಹೇಳಿದರೆ ಉಂಟು.

ನೇರಮಾತು

ನೀವಿಬ್ಬರೂ ವಾದ ಮಾಡುತ್ತಿರಿ, ಹುಡುಗಿ ಕೇಳಿದ್ದು ಕೆಲಸದ ಬಗ್ಗೆ. ಮೂರು ವರ್ಷದ ಬಿ.ಎ. ಮುಗಿಸಿ ಯಾರೂ ಚಿಕಿತ್ಸಕರಾಗುವುದಿಲ್ಲ. ಎಂ.ಎ. ಅಥವಾ ಎಂ.ಎಸ್ಸಿ. ಮಾಡಬೇಕು, ಅದರ ಮೇಲೆ ಇನ್ನೂ ತರಬೇತಿ ಬೇಕು. ಅಷ್ಟು ವರ್ಷ ಮನೆಯವರು ಓದಿಸಬಲ್ಲರೇ ಎಂದು ಮೊದಲೇ ಲೆಕ್ಕ ಹಾಕದೆ ಸೇರುವುದು ತಪ್ಪು.

ವಾರ್ಡ್ ಹತ್ತಿರದವರು

ನಾನು ಆಸ್ಪತ್ರೆಯೊಂದರಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡುತ್ತೇನೆ. ನೇರಮಾತು ಅವರು ಹೇಳಿದ್ದು ಸರಿಯೇ ಆದರೂ ಅದನ್ನು ಇನ್ನಷ್ಟು ಬಿಡಿಸಿ ಹೇಳಬೇಕಾಗಿದೆ, ಏಕೆಂದರೆ ಮನೋವೈದ್ಯ, ಕ್ಲಿನಿಕಲ್ ಸೈಕಾಲಜಿಸ್ಟ್, ಆಪ್ತಸಮಾಲೋಚಕ ಎಂಬ ಮೂವರನ್ನೂ ಜನ ಒಂದೇ ಎಂದುಕೊಳ್ಳುತ್ತಾರೆ. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಕೀಯದಲ್ಲಿ ಎಂ.ಡಿ. ಅಥವಾ ಅದಕ್ಕೆ ಸಮನಾದ ಪದವಿ ಪಡೆದವರು. ಔಷಧ ಬರೆಯುವವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿ ಮುಗಿಸಿ ಅದರ ದಾಖಲಾತಿಯಲ್ಲಿ ಹೆಸರು ನೋಂದಾಯಿಸಿರಬೇಕು. ಪರಿಷತ್ತಿನ ಕಾಯ್ದೆ 1992ರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಎಂ.ಎ. ನಂತರದ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ತರಬೇತಿಯನ್ನೇ ಹೆಸರಿಸಿದೆ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಮಣಿಪಾಲ ಮುಂತಾದ ಕಡೆ ಈ ತರಬೇತಿ ನಡೆದುಕೊಂಡು ಬಂದಿದೆ. ಸೀಟುಗಳು ಬಹಳ ಕಡಿಮೆ, ಪ್ರವೇಶ ಪರೀಕ್ಷೆ ಕಠಿಣ.

ಈಗ ಈ ದಾರಿಯೇ ಬದಲಾಗುತ್ತಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರ ನಿಯಮಗಳಲ್ಲಿ ಎಂ.ಫಿಲ್. ಪದವಿಯನ್ನು ಕೈಬಿಟ್ಟು, ಕ್ಲಿನಿಕಲ್ ಸೈಕಾಲಜಿಗೆ 2025-26ನೇ ಸಾಲಿನ ಪ್ರವೇಶದವರೆಗೆ ವಿನಾಯಿತಿ ನೀಡಿತು. ಅದರ ಜಾಗಕ್ಕೆ ಪರಿಷತ್ತು ಹೊಸ ಕೋರ್ಸುಗಳನ್ನು ತರುತ್ತಿದೆ, ಅವುಗಳಲ್ಲಿ ಕ್ಲಿನಿಕಲ್ ಸೈಕಾಲಜಿಯ ಎಂ.ಎ. ಕೂಡ ಸೇರಿದೆ. ನೀವು ಬಿ.ಎ. ಮುಗಿಸುವ ಹೊತ್ತಿಗೆ ಯಾವ ಪದವಿಗೆ ಮಾನ್ಯತೆ ಇರುತ್ತದೆ ಎಂಬುದನ್ನು ಇಲ್ಲಿ ಬರೆಯುವ ಯಾರ ಮಾತಿನಿಂದಲೂ ತೀರ್ಮಾನಿಸಬೇಡಿ, ನನ್ನ ಮಾತಿನಿಂದಲೂ ಬೇಡ. ಪರಿಷತ್ತಿನ ಪಟ್ಟಿಯನ್ನೇ ನೋಡಿ.

ಶಾಲೆಯ ಕೊಠಡಿ

ಕ್ಲಿನಿಕಲ್ ಆಗದಿದ್ದರೆ ಮನೋವಿಜ್ಞಾನ ಓದಿದ್ದು ವ್ಯರ್ಥ ಎಂಬ ಧ್ವನಿ ಈ ಚರ್ಚೆಯಲ್ಲಿ ಬರುತ್ತಿದೆ, ಅದನ್ನು ನಾನು ಒಪ್ಪುವುದಿಲ್ಲ. ಎಂ.ಎ. ಮುಗಿಸಿ ಶಾಲೆಯಲ್ಲಿ ಆಪ್ತಸಮಾಲೋಚಕಿಯಾಗಿದ್ದೇನೆ. ನಾನು ರೋಗನಿರ್ಣಯ ಮಾಡುವುದಿಲ್ಲ, ಮಾಡಕೂಡದು ಕೂಡ. ಓದಿನಲ್ಲಿ ಹಿಂದೆ ಬಿದ್ದ ಮಗುವಿಗೆ ಕಣ್ಣು ಕಾಣದೋ, ಮನೆಯಲ್ಲಿ ಜಗಳವೋ, ಕಲಿಕಾ ನ್ಯೂನತೆಯೋ ಎಂದು ಗಮನಿಸಿ ತಕ್ಕವರ ಬಳಿಗೆ ಕಳುಹಿಸುವುದು ನನ್ನ ಕೆಲಸದ ಬಹುಭಾಗ. ನನ್ನ ಜೊತೆ ಬಿ.ಎ. ಓದಿದವರು ಕಂಪನಿಗಳ ಮಾನವ ಸಂಪನ್ಮೂಲ ವಿಭಾಗ, ವ್ಯಸನಮುಕ್ತಿ ಕೇಂದ್ರ, ವಿಶೇಷ ಶಾಲೆ, ಮಾರುಕಟ್ಟೆ ಸಮೀಕ್ಷೆ ಹೀಗೆ ಬೇರೆ ಬೇರೆ ಕಡೆ ಇದ್ದಾರೆ. ಸಂಬಳ ಬಹಳ ಎಂದು ಹೇಳಲಾರೆ.

ನೇರಮಾತು

ಆ ಕೆಲಸಗಳಿಗೆ ಯಾವ ಪದವಿ ಇದ್ದರೂ ನಡೆಯುತ್ತದೆ ಎಂಬುದೇ ನನ್ನ ವಾದ, ಮೇಡಂ.

ಶಾಲೆಯ ಕೊಠಡಿ

ಕೆಲಸಕ್ಕೆ ಸೇರಲು ನಡೆಯಬಹುದು ಸರ್, ಆದರೆ ಸಮೀಕ್ಷೆಯ ಪ್ರಶ್ನೆಯನ್ನು ಹೇಗೆ ಕೇಳಿದರೆ ಉತ್ತರ ಎತ್ತ ವಾಲುತ್ತದೆ ಎಂಬುದನ್ನು ಓದಿ ಬಂದವರಿಗೂ ಓದದವರಿಗೂ ಆರು ತಿಂಗಳಲ್ಲಿ ವ್ಯತ್ಯಾಸ ಕಾಣುತ್ತದೆ.

ಬಸ್ಸಿನ ಓದುಗ

ಕೆಲಸ ಮಾಡುತ್ತಲೇ ದೂರಶಿಕ್ಷಣದಲ್ಲಿ ಮನೋವಿಜ್ಞಾನದ ಎಂ.ಎ. ಮಾಡಬಹುದು ಎಂದು ಹಿಂದೆ ಹಲವರು ಸಲಹೆ ಕೊಡುತ್ತಿದ್ದರು. ಅದೇ ಸುಲಭವಲ್ಲವೇ?

ವಾರ್ಡ್ ಹತ್ತಿರದವರು

ಆ ಬಾಗಿಲು ಮುಚ್ಚಿದೆ. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ಆಯೋಗದ ಕಾಯ್ದೆಯ ವ್ಯಾಪ್ತಿಗೆ ಮನೋವಿಜ್ಞಾನವೂ ಬರುವುದರಿಂದ, 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಅದನ್ನು ದೂರಶಿಕ್ಷಣ ಅಥವಾ ಆನ್‌ಲೈನ್ ವಿಧಾನದಲ್ಲಿ ನೀಡಬಾರದೆಂದು ಯುಜಿಸಿ ಸೂಚಿಸಿದೆ. ಈಗಲೂ ಯಾರಾದರೂ ಜಾಹೀರಾತು ಕೊಡುತ್ತಿದ್ದರೆ ಹಣ ಕಟ್ಟುವ ಮುನ್ನ ವಿಚಾರಿಸಿ.

ವರದಾತೀರ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ಕನ್ನಡ ಮಾಧ್ಯಮದವರಿಗೆ ತೊಂದರೆಯಾಗುತ್ತದೆಯೇ ಎಂಬುದಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ. ಪ್ರಯೋಗಗಳೆಲ್ಲ ಇಂಗ್ಲಿಷಿನಲ್ಲೇ ಇರುತ್ತವೆಯೇ?

ಧಾರವಾಡಿ

ತಂಗಿ, ನಾನು ಕನ್ನಡದಲ್ಲೇ ಬರೆದು ಪಾಸಾದವನು. ಉತ್ತರವನ್ನು ಕನ್ನಡದಲ್ಲಿ ಬರೆಯಲು ಅವಕಾಶ ಇದೆಯೇ ಎಂದು ಸೇರುವ ಕಾಲೇಜಿನಲ್ಲಿ ಕೇಳಿಕೊಳ್ಳಿ. ಪಾಠ ಅರ್ಥವಾಗುವುದು ಕಷ್ಟವಲ್ಲ, ಓದಲು ಪುಸ್ತಕ ಸಿಗುವುದು ಕಷ್ಟ. ಮೊದಲ ವರ್ಷಕ್ಕೆ ಕನ್ನಡದಲ್ಲಿ ಪುಸ್ತಕಗಳಿವೆ, ಮೇಲೆ ಹೋದಂತೆ ತೆಳುವಾಗುತ್ತವೆ. ಕಾಲೇಜು ಉಪನ್ಯಾಸಕರಾಗಲು ಬರೆಯುವ ನೆಟ್ ಪರೀಕ್ಷೆಯ ಮನೋವಿಜ್ಞಾನ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಹಾಗಾಗಿ ಮೊದಲ ದಿನದಿಂದಲೇ ಪ್ರತಿಯೊಂದು ಪಾರಿಭಾಷಿಕ ಪದವನ್ನು ಎರಡೂ ಭಾಷೆಯಲ್ಲಿ ಬರೆದಿಟ್ಟುಕೊಂಡರೆ ಎಂ.ಎ.ಗೆ ಹೋದಾಗ ಅರ್ಧ ಭಾರ ಇಳಿದಿರುತ್ತದೆ.

ಪ್ರಯೋಗದ ಮಾತು ಇನ್ನೂ ಸ್ವಾರಸ್ಯದ್ದು. ಎಬ್ಬಿಂಗ್‌ಹೌಸ್ ಮಾದರಿಯ ಅರ್ಥಹೀನ ಅಕ್ಷರಗುಚ್ಛಗಳೆಂದು ನಮಗೆ ಕೊಟ್ಟದ್ದು ಮೂರು ಮೂರು ರೋಮನ್ ಅಕ್ಷರಗಳ ಪಟ್ಟಿ. ಇಂಗ್ಲಿಷ್ ಮಾಧ್ಯಮದಿಂದ ಬಂದ ಗೆಳೆಯರು ಸರಾಗವಾಗಿ ಓದಿದರು, ನಾವು ಅಕ್ಷರ ಕೂಡಿಸುವುದರಲ್ಲೇ ಸಮಯ ಕಳೆದೆವು. ಅಲ್ಲಿ ಅಳೆದದ್ದು ಸ್ಮೃತಿಯನ್ನೋ ಇಂಗ್ಲಿಷ್ ಓದುವ ವೇಗವನ್ನೋ ಎಂದು ನಮ್ಮ ಉಪನ್ಯಾಸಕರನ್ನು ಕೇಳಿದೆ. ಅವರು ಬೈಯಲಿಲ್ಲ, ಅದನ್ನೇ ಚರ್ಚೆಯ ಭಾಗದಲ್ಲಿ ಬರೆ ಎಂದರು. ಮುಂದಿನ ಬ್ಯಾಚಿಗೆ ಕನ್ನಡದ ಪಟ್ಟಿ ತಯಾರಾಯಿತು.

ಈ ಸಮಸ್ಯೆಯನ್ನು ನಮ್ಮ ಕಡೆಯವರು ಬಹಳ ಹಿಂದೆಯೇ ಗುರುತಿಸಿದ್ದರು. ಫ್ರಾನ್ಸಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಪರಿಷ್ಕಾರಗೊಂಡ ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದವರು ವಿ. ವಿ. ಕಾಮತ್, ಅದೂ ಧಾರವಾಡದ ಮಕ್ಕಳನ್ನು ಪರೀಕ್ಷಿಸಿ, ಸ್ವಾತಂತ್ರ್ಯ ಬರುವುದಕ್ಕೂ ಮೊದಲು. ಬಿನೆ-ಕಾಮತ್ ಪರೀಕ್ಷೆಯನ್ನು ಇಂದಿಗೂ ಆಸ್ಪತ್ರೆಗಳಲ್ಲಿ ಬಳಸುತ್ತಾರೆ. ಓದು ಬರಹ ಬಾರದವರಿಗೂ ಕೊಡಬಹುದಾದ ಭಾಟಿಯಾ ಕಾರ್ಯಪರೀಕ್ಷಾ ಮಾಲೆಯನ್ನೂ ನೀವು ಪ್ರಯೋಗಾಲಯದಲ್ಲಿ ನೋಡುತ್ತೀರಿ. ಅದರ ಮಾನಕಗಳನ್ನು, ಅಂದರೆ ಅಂಕವನ್ನು ಹೋಲಿಸಿ ನೋಡುವ ಮಟ್ಟಗಳನ್ನು, ನಿಗದಿ ಮಾಡಿದ್ದು ಉತ್ತರ ಪ್ರದೇಶದ 11ರಿಂದ 16 ವರ್ಷದ ಗಂಡುಮಕ್ಕಳಿಂದ. ಹಾವೇರಿಯ ಹೆಣ್ಣುಮಗುವಿನ ಅಂಕವನ್ನು ಆ ಮಾನಕಗಳ ಪಕ್ಕದಲ್ಲಿಟ್ಟು ಏನೆಂದು ಹೇಳಬಹುದು ಎಂದು ಕೇಳಲು ಕಲಿತರೆ ನಿಮ್ಮ ಮೂರು ವರ್ಷ ದಂಡವಾಗುವುದಿಲ್ಲ.

ವಾರ್ಡ್ ಹತ್ತಿರದವರು

ಬಿನೆ-ಕಾಮತ್ ಇಂದಿಗೂ ಬಳಕೆಯಲ್ಲಿರುವುದನ್ನು ಹೆಮ್ಮೆಯಿಂದ ಹೇಳುತ್ತಿದ್ದೀರಿ, ಆದರೆ ಅಷ್ಟು ಹಳೆಯ ಮಾನಕಗಳನ್ನು ಇಂದಿನ ಮಕ್ಕಳಿಗೆ ಅನ್ವಯಿಸಬೇಕಾಗಿರುವುದು ನಮ್ಮ ಕ್ಷೇತ್ರದ ಕೊರತೆಯೂ ಹೌದು.

ಧಾರವಾಡಿ

ಒಪ್ಪಿದೆ. ಹೊಸದನ್ನು ತಯಾರಿಸುವವರು ಬೇಕಲ್ಲ, ಅದಕ್ಕೇ ಈ ಹುಡುಗಿಯನ್ನು ಕರೆಯುತ್ತಿದ್ದೇನೆ.

ಕುಕ್ಕರಹಳ್ಳಿ

ಧಾರವಾಡದವರು ಹೆಮ್ಮೆಪಟ್ಟ ಮೇಲೆ ಮೈಸೂರಿನವರು ಸುಮ್ಮನಿರಲಾದೀತೇ? ಭಾರತದಲ್ಲಿ ಮನೋವಿಜ್ಞಾನ ವಿಭಾಗ ಮೊದಲು ಆರಂಭವಾದದ್ದು ಕಲ್ಕತ್ತೆಯಲ್ಲಿ, ಎರಡನೆಯದು 1924ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಮನೋವಿಜ್ಞಾನಿ ಸ್ಪಿಯರ್‌ಮನ್ ಅವರ ಬಳಿ ಓದಿ ಬಂದವರು. ಅವರೇ 1935ರಲ್ಲಿ ತಮ್ಮ ಮನೆಯಿಂದ ರೇಡಿಯೊ ಪ್ರಸಾರ ಆರಂಭಿಸಿದರು. ಆಕಾಶವಾಣಿ ಎಂಬ ಹೆಸರು ಬಂದದ್ದು ಅಲ್ಲಿಂದ. ಮನೋವಿಜ್ಞಾನದ ಪ್ರಾಧ್ಯಾಪಕರೊಬ್ಬರ ಮನೆಯಲ್ಲಿ ಹುಟ್ಟಿದ ಹೆಸರನ್ನು ದೇಶವೇ ಕೇಳುತ್ತದೆ.

ನೇರಮಾತು

ರೇಡಿಯೊ ಚರ್ಚೆಗೆ ಬೇರೆ ಎಳೆ ತೆರೆಯಿರಿ, ಸ್ವಾಮಿ.

ಎರಡನೇ ಬೆಂಚು

ಇನ್ನೊಂದು ಎಚ್ಚರಿಕೆ ಹೇಳಬೇಕು. ಅಪಸಾಮಾನ್ಯ ಮನೋವಿಜ್ಞಾನದ ಪಾಠ ಶುರುವಾದ ವಾರದಲ್ಲಿ ನಮ್ಮ ಹಾಸ್ಟೆಲಿನಲ್ಲಿ ಎಲ್ಲರಿಗೂ ಏನಾದರೊಂದು ಕಾಯಿಲೆ ಇತ್ತು. ಬಾಗಿಲ ಚಿಲಕವನ್ನು ಎರಡು ಬಾರಿ ನೋಡಿದವಳಿಗೆ ಗೀಳು, ಪರೀಕ್ಷೆ ಮುಗಿದ ಖುಷಿಯಲ್ಲಿ ನಿದ್ದೆಗೆಟ್ಟವಳಿಗೆ ಉನ್ಮಾದ. ಮನೆಗೆ ಹೋದರೆ ಅತ್ತೆ, ಚಿಕ್ಕಪ್ಪ ಯಾರನ್ನೂ ಬಿಡುವುದಿಲ್ಲ.

ವಾರ್ಡ್ ಹತ್ತಿರದವರು

ನಗು ಬಂದರೂ ಅದು ಮುಖ್ಯವಾದ ಮಾತು. ಲಕ್ಷಣ ಇದ್ದ ಮಾತ್ರಕ್ಕೆ ಕಾಯಿಲೆ ಎನ್ನುವುದಿಲ್ಲ. ಎಷ್ಟು ಕಾಲದಿಂದ ಇದೆ, ಅದರಿಂದ ಎಷ್ಟು ಸಂಕಟವಾಗುತ್ತಿದೆ, ದಿನನಿತ್ಯದ ಕೆಲಸಕ್ಕೆ ಎಷ್ಟು ಅಡ್ಡಿಯಾಗಿದೆ ಎಂಬುದನ್ನೆಲ್ಲ ನೋಡಬೇಕು. ಕಾಯಿಲೆಯ ಪಟ್ಟಿಯೂ ಕಲ್ಲಿನಲ್ಲಿ ಕೆತ್ತಿದ್ದಲ್ಲ. ಸಲಿಂಗ ಪ್ರೀತಿಯನ್ನು ಅಮೆರಿಕದ ಮನೋವೈದ್ಯರ ಸಂಘ ತನ್ನ ಪಟ್ಟಿಯಿಂದ ತೆಗೆದದ್ದು 1973ರಲ್ಲಿ. ಈ ಇತಿಹಾಸವನ್ನು ಓದಿದವರು ಬೇರೆಯವರಿಗೆ ಹೆಸರು ಹಚ್ಚುವ ಮುನ್ನ ತಡೆದು ನಿಲ್ಲುತ್ತಾರೆ ಎಂಬುದು ನನ್ನ ಆಶಯ.

ಮತ್ತೊಂದು ಮಾತು, ಇದು ಎಲ್ಲ ಹೊಸ ವಿದ್ಯಾರ್ಥಿಗಳಿಗೆ. ತಮ್ಮದೇ ಮನಸ್ಸಿನ ನೋವಿಗೆ ಉತ್ತರ ಸಿಗಬಹುದೆಂದು ಈ ವಿಷಯವನ್ನು ಆರಿಸಿಕೊಳ್ಳುವವರು ಪ್ರತಿ ವರ್ಷ ಇರುತ್ತಾರೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ತರಗತಿಯು ಚಿಕಿತ್ಸೆ ಕೊಡುವುದಿಲ್ಲ, ಸಹಪಾಠಿಗಳು ಚಿಕಿತ್ಸಕರಲ್ಲ. ಸಹಾಯ ಬೇಕೆನಿಸಿದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರಿಂದ ಇದೆ, ಶುಲ್ಕವಿಲ್ಲ, ಕನ್ನಡದಲ್ಲಿ ಮಾತನಾಡಬಹುದು.

ಮೇಷ್ಟ್ರ ಮಗ

ಹುಡುಗಿಯ ತಂದೆಯ ಮಾತನ್ನು ಇಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ, ಅದು ನನಗೆ ಸರಿ ಕಾಣಲಿಲ್ಲ. ಪ್ರೌಢಶಾಲೆಯ ಪಠ್ಯದಲ್ಲಿ ಮನೋವಿಜ್ಞಾನ ಎಂಬ ವಿಷಯವೇ ಇಲ್ಲ, ಆದ್ದರಿಂದ ಅದೊಂದನ್ನೇ ನೆಚ್ಚಿಕೊಂಡವರಿಗೆ ಬಿ.ಇಡಿ. ಮತ್ತು ಶಿಕ್ಷಕರ ನೇಮಕಾತಿಯ ದಾರಿ ಕಿರಿದಾಗುತ್ತದೆ. ಆದರೆ ಎರಡರಲ್ಲಿ ಒಂದನ್ನು ಬಿಡಬೇಕಾದ ಅಗತ್ಯವೂ ಇಲ್ಲ. 2024-25ನೇ ಸಾಲಿನಿಂದ ರಾಜ್ಯದಲ್ಲಿ ನಾಲ್ಕು ವರ್ಷದ ಪದ್ಧತಿಯನ್ನು ಬಿಟ್ಟು ಮೂರು ವರ್ಷದ ಪದವಿಗೆ ಮರಳಿದ್ದಾರೆ, ಮೂರು ಪ್ರಧಾನ ವಿಷಯಗಳನ್ನು ಓದುವ ಕ್ರಮವೂ ಮರಳಿ ಬಂದಿದೆ. ಇತಿಹಾಸ, ಅರ್ಥಶಾಸ್ತ್ರ, ಮನೋವಿಜ್ಞಾನ ಮೂರೂ ಒಟ್ಟಿಗೆ ಸಿಗುವ ಕಾಲೇಜನ್ನು ಹುಡುಕಿ, ತಂದೆಯವರಿಗೆ ಆ ಕಾಗದವನ್ನು ತೋರಿಸಿ. ಬಿ.ಇಡಿ. ಪ್ರವೇಶದ ಅಧಿಸೂಚನೆಯಲ್ಲಿ ವಿಷಯಗಳ ಅರ್ಹತೆಯನ್ನು ಇಬ್ಬರೂ ಕೂತು ಓದಿ.

ಅನುಮಾನಿ

ಈ ಎಳೆಯಲ್ಲಿ ಬಂದ ಅತ್ಯಂತ ಉಪಯುಕ್ತ ಉತ್ತರ ಇದೇ.

ವರದಾತೀರ

ಮೂರೂ ಒಟ್ಟಿಗೆ ತೆಗೆದುಕೊಳ್ಳಬಹುದೆಂದು ನನಗೆ ತಿಳಿದೇ ಇರಲಿಲ್ಲ. ಅಪ್ಪನ ಜೊತೆ ಮಾತನಾಡುತ್ತೇನೆ. ಕಾಲೇಜು ನೋಡಲು ಹೋದಾಗ ಏನೇನು ವಿಚಾರಿಸಬೇಕು?

ಸಂಖ್ಯಾಪ್ರಿಯ

ಪ್ರಯೋಗಾಲಯವನ್ನು ತೋರಿಸಿ ಎಂದು ಕೇಳಿ. ಬೀಗ ಹಾಕಿದ್ದು ತೆಗೆಯಲು ಕೀಲಿ ಹುಡುಕಬೇಕಾಗಿ ಬಂದರೆ ಅರ್ಥ ಮಾಡಿಕೊಳ್ಳಿ. ಖಾಯಂ ಉಪನ್ಯಾಸಕರು ಎಷ್ಟು ಜನ, ಅತಿಥಿ ಉಪನ್ಯಾಸಕರು ಎಷ್ಟು ಜನ, ಪ್ರಾಯೋಗಿಕ ತರಗತಿಗೆ ಒಂದು ಬ್ಯಾಚಿನಲ್ಲಿ ಎಷ್ಟು ವಿದ್ಯಾರ್ಥಿಗಳು ಎಂದು ವಿಚಾರಿಸಿ. ಗ್ರಂಥಾಲಯದಲ್ಲಿ ಮನೋವಿಜ್ಞಾನದ ಕಪಾಟಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಅಲ್ಲಿ ಬರೀ ವ್ಯಕ್ತಿತ್ವ ವಿಕಸನದ ಪುಸ್ತಕಗಳೇ ತುಂಬಿದ್ದರೆ ಬೇರೆ ಕಾಲೇಜನ್ನೂ ನೋಡಿ.

ಎರಡನೇ ಬೆಂಚು

ಅಂತಿಮ ವರ್ಷದವರೊಬ್ಬರ ರೆಕಾರ್ಡ್ ಪುಸ್ತಕವನ್ನೂ ಕೇಳಿ ನೋಡಿ. ಎಲ್ಲರ ಕೋಷ್ಟಕದಲ್ಲೂ ಒಂದೇ ಅಂಕಿ ಇದ್ದರೆ ಆ ಪ್ರಯೋಗವನ್ನು ಅಲ್ಲಿ ಯಾರೂ ಮಾಡಿಲ್ಲ ಎಂದೇ ಲೆಕ್ಕ.